ಕೀಲಿ ಯಾರ ಕೈಯಲ್ಲಿದೆ, ಪಾಂಡುರಂಗಾ?

ಆಷಾಢ ಏಕಾದಶಿಗೆಂದು ಆಳಂದಿಯಿಂದ ಪಂಢರಪುರದ ವಿಠ್ಠಲನ ಬಳಿಗೆ ನಡೆಯುವ ಯಾತ್ರಿಕ, ಅಂದರೆ ವಾರಕರಿ, ಅದೃಷ್ಟವಂತ. ಹಿಂದೆ ಮುಂದೆ ಲಕ್ಷಗಟ್ಟಲೆ ಜನ, ಪಕ್ಕದಲ್ಲಿ ನೀರಿನ ಟ್ಯಾಂಕರು, ಆಂಬುಲೆನ್ಸು, ತಲೆಯ ಮೇಲೆ ಟಿವಿಯವರ ಡ್ರೋನು. ಜ್ಞಾನೇಶ್ವರರ ಪಲ್ಲಕ್ಕಿ, ತುಕಾರಾಮರ ಪಲ್ಲಕ್ಕಿ ಸಾಗುವ ಎರಡೂ ದಾರಿಗಳನ್ನು ಅಗಲ ಮಾಡಿ, ಬದಿಯಲ್ಲಿ ನಡೆಯುವವರಿಗೆಂದೇ ಹಾದಿ ಬಿಡುವ ಕಾಮಗಾರಿಗೆ 2021ರ ನವೆಂಬರಿನಲ್ಲಿ ಪ್ರಧಾನಿಯೇ ಶಂಕುಸ್ಥಾಪನೆ ಮಾಡಿದರು. ಅದೇ ವಿಠ್ಠಲನನ್ನು ಕಾಣಲು, ಅದೇ ಆಷಾಢ ಏಕಾದಶಿಗೆ ವಿಜಯಪುರದ ಕಡೆಯಿಂದ ಹೊರಡುವವರೂ ಇದ್ದಾರೆ. ಐವತ್ತು ಅರವತ್ತು ಜನರ ದಿಂಡಿ, ಒಂದು ವೀಣೆ, ನಾಲ್ಕಾರು ಜೊತೆ ತಾಳ, ರೊಟ್ಟಿ ಗಂಟು ಮತ್ತು ತಾಡಪತ್ರಿ ಹೇರಿಕೊಂಡು ಹಿಂದೆ ಗುಡುಗುಡು ಎನ್ನುತ್ತ ಬರುವ ಒಂದು ಟ್ರ್ಯಾಕ್ಟರು. ಹೊರ್ತಿ, ಝಳಕಿ, ಚಡಚಣ, ಆಮೇಲೆ ಗಡಿ, ಆಮೇಲೆ ಮಂಗಳವೇಢೆ. ದೂರ ನೂರು ಕಿಲೋಮೀಟರಿಗಿಂತ ತುಸು ಹೆಚ್ಚು. ಕಾಲಿನ ಬಗ್ಗೆ ಯಾರದೂ ತಕರಾರಿಲ್ಲ. ಕತ್ತಲಾದ ಮೇಲೆ ಬೆನ್ನು ಎಲ್ಲಿ ಚಾಚಬೇಕು ಎಂಬುದೊಂದೇ ಪ್ರಶ್ನೆ.

ಹಾಗೆಂದು ಈ ದಾರಿಯಲ್ಲಿ ಸೂರಿಲ್ಲ ಎಂದು ಯಾರಾದರೂ ಹೇಳಿದರೆ ಅದು ಸರ್ಕಾರಕ್ಕೆ ಮಾಡಿದ ಅಪಚಾರ. ಸೂರುಗಳಿಗೇನು ಬರ? ಊರಿಗೊಂದು ಸಮುದಾಯ ಭವನ, ಅದರ ಪಕ್ಕಕ್ಕೆ ಆ ಭವನ ಯಾವ ಸಮುದಾಯದ್ದೆಂದು ಜಗಳವಾಗಿ ಕಟ್ಟಿದ ಇನ್ನೊಂದು ಸಮುದಾಯ ಭವನ, ಹೆದ್ದಾರಿಗೊಂದು ಬಸ್ ತಂಗುದಾಣ. ತಂಗುದಾಣದ ನೆತ್ತಿಯಲ್ಲಿ ಶಾಸಕರ ಭಾವಚಿತ್ರವಿದೆ. ಚಿತ್ರಕ್ಕೆ ಮಳೆ ತಾಗದಂತೆ ಮೇಲೊಂದು ಚಜ್ಜಾ ಇದೆ. ಕೆಳಗೆ ಕುಳಿತವರಿಗೆ ಆ ಭಾಗ್ಯವಿಲ್ಲ. ಆಸನವೆಂದರೆ ಮೂರು ಕಬ್ಬಿಣದ ಪೈಪು. ಅದರ ಮೇಲೆ ವೈಷ್ಣವನಾಗಿ ಮಲಗಿದವನು ಬೆಳಿಗ್ಗೆ ಬೆನ್ನಿನ ತುಂಬ ತ್ರಿಪುಂಡ್ರ ಮೂಡಿಸಿಕೊಂಡು ಶೈವನಾಗಿ ಏಳುತ್ತಾನೆ. ಹರಿಹರ ಭೇದ ಅಳಿಸಲು ಇಷ್ಟು ಅಗ್ಗದ ಸಾಧನ ಬೇರೊಂದಿಲ್ಲ.

ಇವೆಲ್ಲಕ್ಕೂ ಕಳಶವಿಟ್ಟಂತೆ ಯಾತ್ರಿ ನಿವಾಸ. ಊರಿನ ಹೆಸರು ಬೇಡ. ಅಂಥದೊಂದು ನಿಮ್ಮ ತಾಲ್ಲೂಕಿನಲ್ಲೂ ಇದೆ. ಮುಂಬಾಗಿಲಲ್ಲಿ ಎರಡು ಕಲ್ಲುಗಳು. ಒಂದು ಅಡಿಗಲ್ಲು, ಇನ್ನೊಂದು ಉದ್ಘಾಟನೆಯ ಕಲ್ಲು. ಎರಡರ ನಡುವೆ ಒಂದು ಚುನಾವಣೆ ಹೋಗಿ ಬಂದಿದ್ದರಿಂದ ಎರಡರಲ್ಲೂ ಬೇರೆ ಬೇರೆ ಹೆಸರುಗಳಿವೆ, ಒಳಗಿರುವ ಮಂಚಗಳಿಗಿಂತ ಹೆಚ್ಚೇ ಇವೆ. ನೀತಿಸಂಹಿತೆ ಜಾರಿಯಾದಾಗ ಆ ಹೆಸರುಗಳನ್ನು ಬಟ್ಟೆಯಿಂದ ಮುಚ್ಚಲಾಗಿತ್ತು. ಈ ಕಟ್ಟಡದಲ್ಲಿ ಇದುವರೆಗೆ ಹೊದಿಕೆ ಸಿಕ್ಕಿರುವುದು ಆ ಎರಡು ಕಲ್ಲುಗಳಿಗೆ ಮಾತ್ರ. ಕಿಟಕಿಯಿಂದ ಇಣುಕಿದರೆ ಹೊಳೆಯುವ ಟೈಲ್ಸು, ಪ್ಲಾಸ್ಟಿಕ್ ಬಿಚ್ಚದ ಹಾಸಿಗೆ. ಗೋಡೆಯ ಮೇಲೆ ಸೂಚನಾ ಫಲಕ: ಅಡುಗೆ ಮಾಡಬಾರದು, ಬಟ್ಟೆ ಒಣಗಿಸಬಾರದು, ಗಲಾಟೆ ಮಾಡಬಾರದು, ಭಜನೆಗೆ ಪೂರ್ವಾನುಮತಿ ಕಡ್ಡಾಯ. ಬಾಗಿಲಿಗೆ ಅಂಗೈಯಗಲದ ಕೀಲಿ.

ಸಂಜೆ ಆರೂವರೆಗೆ ದಿಂಡಿ ಬಂದು ಮೆಟ್ಟಿಲ ಬಳಿ ನಿಲ್ಲುತ್ತದೆ. ಎರೆಮಣ್ಣಿನ ದಾರಿ; ಒಂದು ಹನಿ ಮಳೆ ಬಿದ್ದರೂ ಪ್ರತಿ ಹೆಜ್ಜೆಗೆ ಅರ್ಧ ಹೊಲ ಕಾಲಿಗೆ ಅಂಟಿ ಬರುತ್ತದೆ. ಪಂಚಾಯಿತಿಯ ಸಿಪಾಯಿ ತಾನಾಗಿಯೇ ಓಡಿ ಬರುತ್ತಾನೆ. ಬಾಗಿಲು ತೆರೆಯಲೆಂದು ಅಲ್ಲ, ಮೆಟ್ಟಿಲಿಗೆ ಕೆಸರಾದೀತು ಎಂದು.

“ಮಹಾರಾಜರೇ, ಕೀಲಿ ನಮ್ಮಲ್ಲಿಲ್ಲ. ಕಟ್ಟಡ ಇನ್ನೂ ಹಸ್ತಾಂತರ ಆಗಿಲ್ಲ.”

“ಉದ್ಘಾಟನೆ ಆಗಿದೆಯಲ್ಲಪ್ಪ? ಕಲ್ಲು ಹಾಕಿದ್ದಾರಲ್ಲ?”

“ಉದ್ಘಾಟನೆ ಆಗಿದೆ. ಹಸ್ತಾಂತರ ಆಗಿಲ್ಲ. ಉದ್ಘಾಟನೆ ಮಾಡುವವರು ಬೇರೆ, ಹಸ್ತಾಂತರ ಮಾಡುವವರು ಬೇರೆ.”

“ಹಾಗಾದರೆ ಕೀಲಿ ಯಾರ ಹತ್ತಿರ?”

“ಗುತ್ತಿಗೆದಾರರ ಹತ್ತಿರ. ಕೊನೆಯ ಬಿಲ್ಲು ಬರುವವರೆಗೆ ಅವರು ಕೊಡುವುದಿಲ್ಲ. ಬಿಲ್ಲು ಎಂಜಿನಿಯರ್ ಸಹಿ ಹಾಕಿದರೆ ಬರುತ್ತದೆ. ಅವರಿಗೆ ವರ್ಗವಾಗಿದೆ. ಹೊಸಬರು ಬಂದಿದ್ದಾರೆ, ಅವರು ಕಟ್ಟಡ ನೋಡದೆ ಸಹಿ ಹಾಕುವುದಿಲ್ಲವಂತೆ.”

“ನೋಡಬಹುದಲ್ಲ?”

“ಹೇಗೆ ನೋಡುತ್ತಾರೆ ಮಹಾರಾಜರೇ? ಕೀಲಿ ಗುತ್ತಿಗೆದಾರರ ಹತ್ತಿರ ಇದೆ.”

ಇದಕ್ಕೆ ದಿಂಡಿಯ ಹಿರಿಯರಲ್ಲಿ ಉತ್ತರವಿರಲಿಲ್ಲ. ವೇದಾಂತದಲ್ಲೂ ಇಷ್ಟು ಗಟ್ಟಿಯಾದ ವೃತ್ತ ಸಿಗುವುದು ಕಷ್ಟ. ಅಭಿವೃದ್ಧಿ ಅಧಿಕಾರಿಗೆ ಫೋನು ಮಾಡಿದರೆ ಅವರು ಬಹಳ ವಿನಯದಿಂದ, ಮುಂದಿನ ವರ್ಷ ಬರುವಾಗ ಹದಿನೈದು ದಿನ ಮೊದಲು ಲಿಖಿತ ಅರ್ಜಿ, ಎಲ್ಲರ ಆಧಾರ್ ನಕಲು ಮತ್ತು ಮರಳುವ ದಿನಾಂಕ ಕೊಡಿ ಎಂದರು. ಯಾವ ದಿನ ಯಾವ ಊರಲ್ಲಿ ಮುಕ್ಕಾಂ ಎಂಬುದು ಕಾಲಿನ ಬೊಬ್ಬೆಗಳು ತೀರ್ಮಾನಿಸುವ ವಿಷಯ. ಬೊಬ್ಬೆಗಳ ಕಡೆಯಿಂದ ಅರ್ಜಿ ಬರೆಸುವುದು ಹೇಗೆಂದು ಅವರು ತಿಳಿಸಲಿಲ್ಲ.

ಇಷ್ಟರಲ್ಲಿ ನನಗೆ ನೆನಪಾಗುವವನು ಇದೇ ದಾರಿಯ ಮುಂದಿನ ಊರಾದ ಮಂಗಳವೇಢೆಯ ದಾಮಾಜಿ ಪಂತ. ಬೀದರಿನ ಬಹಮನಿ ಸುಲ್ತಾನನ ಕೈಕೆಳಗಿದ್ದ ಅಧಿಕಾರಿ, ಅಂದರೆ ಇಂದಿನ ಲೆಕ್ಕದಲ್ಲಿ ಸರ್ಕಾರಿ ನೌಕರ. ಭೀಕರ ಬರಗಾಲ ಬಿತ್ತು. ಸರ್ಕಾರಿ ಕಣಜದಲ್ಲಿ ಧಾನ್ಯವಿತ್ತು, ಹೊರಗೆ ಹಸಿದ ಜನರಿದ್ದರು. ಪಂತ ಬೀದರಿಗೆ ಕಡತ ಕಳಿಸಲಿಲ್ಲ, ಕಣಜ ತೆರೆದು ಹಂಚಿಬಿಟ್ಟ. ಸುಲ್ತಾನ ಸಿಟ್ಟಾಗಿ ಅವನನ್ನು ಹಿಡಿದು ತರಿಸಿದ. ಆಗ ವಿಠ್ಠಲನೇ ವಿಠೂ ಮಹಾರನ ವೇಷದಲ್ಲಿ ಬೀದರಿನ ದರ್ಬಾರಿಗೆ ಹೋಗಿ, ಧಾನ್ಯದ ಪೂರ್ತಿ ಬೆಲೆ ಕಟ್ಟಿ, ರಸೀದಿ ಪಡೆದು ಬಂದ ಎಂದು ಭಕ್ತರ ಕಥೆ. ದೇವರೂ ರಸೀದಿ ಬಿಡಲಿಲ್ಲ ಎಂಬುದನ್ನು ಗಮನಿಸಬೇಕು. ಆಡಿಟ್ ಎಂದರೆ ಅವನಿಗೂ ಭಯ.

ಈಗಲಾದರೆ ವಿಠ್ಠಲನ ಪಾಡು ಏನಾಗುತ್ತಿತ್ತೋ. ನಗದು ತೆಗೆದುಕೊಳ್ಳುವುದಿಲ್ಲ, ಸರ್ಕಾರಕ್ಕೆ ಹಣ ಕಟ್ಟುವ ಆನ್‌ಲೈನ್ ವ್ಯವಸ್ಥೆಯಾದ ಖಜಾನೆ-2ರಲ್ಲಿ ಚಲನ್ ಮಾಡಿಸಿಕೊಂಡು ಬನ್ನಿ ಎಂದು ಕಿಟಕಿಯಿಂದಲೇ ಹಿಂದಕ್ಕೆ ಕಳಿಸುತ್ತಿದ್ದರು. ವಿಠೂ ಎಂಬ ಹೆಸರಿನಲ್ಲಿ ಬಂದವನ ಆಧಾರ್‌ನಲ್ಲಿ ಪಾಂಡುರಂಗ ಎಂದಿದ್ದರೆ ಅದಕ್ಕೊಂದು ಅಫಿಡವಿಟ್ಟು. ಪಂತನಂತೂ ಅಷ್ಟರಲ್ಲಿ ಅಮಾನತು.

ಧಾನ್ಯವಾದರೂ ಹಂಚಿದರೆ ಮುಗಿದುಹೋಗುವ ವಸ್ತು, ಕಣಜಕ್ಕೆ ಕೀಲಿ ಹಾಕುವುದರಲ್ಲಿ ಒಂದು ಅರ್ಥವಿದೆ. ಒಂದು ರಾತ್ರಿ ಐವತ್ತು ಜನ ಮಲಗಿ ಎದ್ದು ಹೋದರೆ ಸೂರು ಎಷ್ಟು ಕಡಿಮೆಯಾಗುತ್ತದೆ? ವಿಜಯಪುರದಲ್ಲೇ ತಾಜ್ ಬಾವಡಿ ಇದೆ. ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಕಾಲದ್ದು, 1620ರ ಸುಮಾರಿನದು. ಬಾವಿ ತೋಡಿಸಿದವರು ಅದರ ಪೂರ್ವ, ಪಶ್ಚಿಮದ ಬದಿಗಳಲ್ಲಿ ದಾರಿಹೋಕರಿಗೆ ತಂಗುವ ಜಾಗವನ್ನೂ ಕಟ್ಟಿಸಿದರು. ನೀರು ಕಂಡಲ್ಲಿ ನಡೆಯುವವನು ಕೂರುತ್ತಾನೆ, ಕೂತವನಿಗೆ ನೆರಳು ಬೇಕಾಗುತ್ತದೆ ಎಂಬ ಸರಳ ಎಂಜಿನಿಯರಿಂಗ್. ನಮ್ಮದು ಬೇರೆ. ಯಾತ್ರಿ ನಿವಾಸವನ್ನು ಊರಿಂದ ಒಂದೂವರೆ ಕಿಲೋಮೀಟರು ಆಚೆ, ಜಾಲಿಕಂಟಿಯ ನಡುವೆ, ಸರ್ಕಾರಿ ಗಾಯರಾಣ ಜಮೀನು ಸಿಕ್ಕಿದ ಕಡೆ ಕಟ್ಟುತ್ತೇವೆ. ಕೊಳವೆಬಾವಿಯಲ್ಲಿ ನೀರು ಬರಲಿಲ್ಲ ಎಂಬುದು ಟೈಲ್ಸು ಹಾಕಿದ ಮೇಲೆ ತಿಳಿಯುತ್ತದೆ.

ಇನ್ನು ದಿಂಡಿ ಆ ರಾತ್ರಿ ಎಲ್ಲಿ ಮಲಗಿತು ಎಂದು ಕೇಳುವಿರಾದರೆ, ಒಣದ್ರಾಕ್ಷಿ ಶೆಡ್ಡಿನಲ್ಲಿ. ಬೇಸಿಗೆಯಲ್ಲಿ ದ್ರಾಕ್ಷಿ ಒಣಗಿಸಿ ಮುಗಿದಿರುತ್ತದೆ, ಆಷಾಢದ ಹೊತ್ತಿಗೆ ಶೆಡ್ಡುಗಳು ಖಾಲಿ. ನಾಲ್ಕು ಕಡೆ ಗೋಡೆಯಿಲ್ಲ, ಆದ್ದರಿಂದ ಬಾಗಿಲಿಲ್ಲ, ಆದ್ದರಿಂದ ಕೀಲಿಯೂ ಇಲ್ಲ, ಕೀಲಿಯಿಲ್ಲದ್ದರಿಂದ ಹಸ್ತಾಂತರದ ಪ್ರಶ್ನೆ ಏಳುವುದಿಲ್ಲ. ರೈತ ಹೆಸರು ಕೇಳಲಿಲ್ಲ. ಎಷ್ಟು ಜನ ಎಂದು ಮಾತ್ರ ಕೇಳಿದ, ಅದೂ ಮನೆಯಲ್ಲಿ ಎಷ್ಟು ಜುಣುಕ ಮಾಡಿಸಬೇಕು ಎಂದು ತಿಳಿಯಲು. ಮರುರಾತ್ರಿ ಒಂದು ಹಣಮಪ್ಪನ ಗುಡಿಯ ಕಟ್ಟೆ, ಅದರ ಮರುರಾತ್ರಿ ಒಂದು ಮಠದ ಪಡಸಾಲೆ. ಇವಾವುವೂ ಪ್ರವಾಸೋದ್ಯಮದ ನಕ್ಷೆಯಲ್ಲಿ ಇಲ್ಲ. ಇರುವುದೂ ಬೇಡ, ನಕ್ಷೆಗೆ ಸೇರಿದ ಮರುದಿನವೇ ಶೆಡ್ಡಿಗೆ ಸೂಚನಾ ಫಲಕ ಬಂದೀತು.

ಅಂದಹಾಗೆ ಯಾತ್ರಿ ನಿವಾಸದ ಕಡತ ಅಲ್ಲಿಗೇ ನಿಂತಿಲ್ಲ, ಅದು ನಮ್ಮ ದಿಂಡಿಗಿಂತ ವೇಗವಾಗಿ ನಡೆಯುತ್ತಿದೆ. ಸದರಿ ಕಟ್ಟಡದಲ್ಲಿ ಇದುವರೆಗೆ ಒಬ್ಬ ಯಾತ್ರಿಯೂ ತಂಗಿಲ್ಲವಾದ್ದರಿಂದ ಈ ಮಾರ್ಗದಲ್ಲಿ ಯಾತ್ರಿಗಳಿಂದ ಬೇಡಿಕೆ ಇಲ್ಲವೆಂದು ಷರಾ ಬರೆಯಲಾಗಿದೆ. ಆದರೂ ಸಂಜೆ ಹೊತ್ತು ಕೆಲವು ಅಪರಿಚಿತರು ತಾಳ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂರುವುದು ಕಂಡುಬಂದಿರುವುದರಿಂದ, ಕಟ್ಟಡದ ಸುರಕ್ಷತೆಗಾಗಿ ಸುತ್ತಲೂ ಕಾಂಪೌಂಡ್ ಗೋಡೆ ಮತ್ತು ಕಬ್ಬಿಣದ ಗೇಟು ಮಂಜೂರಾಗಿದೆ. ಗೇಟಿನ ಕೀಲಿಗೆ ಪ್ರತ್ಯೇಕ ಟೆಂಡರ್ ಕರೆಯುತ್ತಾರಂತೆ. ದಿಂಡಿಯವರು ಬೇಕಾದರೆ ಅದರಲ್ಲಿ ಭಾಗವಹಿಸಬಹುದು.