ಮೂರು ಮೂಲೆ, ಮೂವರು ಯಜಮಾನರು

ಬೆಂಗಳೂರಿನಲ್ಲಿ ರಸ್ತೆಗಳು ಓರೆಯಾಗಿ ಕೂಡಿದಾಗ ಮಧ್ಯೆ ಉಳಿಯುವ ಚೂರು ಜಾಗಕ್ಕೆ ಬಿಟ್ ಸೈಟ್ ಅನ್ನುತ್ತಾರೆ. ಅಂಥದೊಂದು ಚೂರಿನ ಮೇಲೆ, ಬೇಕರಿಯ ನೆತ್ತಿಯಲ್ಲಿ, ನಮ್ಮ ಆಫೀಸು. ಒಬ್ಬರು ಆಡಿಟರು, ಒಬ್ಬರು ವಿಮೆ ಏಜೆಂಟರು, ಮತ್ತೆ ಅನುವಾದ ಮಾಡಿ ಹೊಟ್ಟೆ ಹೊರೆಯುವ ನಾನು. ಬಾಡಿಗೆಗೆ ಮೂರು ಪಾಲು, ಕೋಣೆಗೂ ಮೂರೇ ಮೂಲೆ. ಲೆಕ್ಕ ಸರಿಹೋಯ್ತು ಅಂತ ಆಡಿಟರೇ ಹೇಳಿದ ಮೇಲೆ ಎದುರಾಡೋದು ಹೇಗೆ?

ಮೊದಲು ವಾಸ್ತು. ಯಜಮಾನ ನೈಋತ್ಯದಲ್ಲಿ ಕೂರಬೇಕಂತೆ. ನಮ್ಮಲ್ಲಿ ಮೂವರೂ ಯಜಮಾನರು, ನೌಕರ ಒಬ್ಬನೂ ಇಲ್ಲ. ಮೊಬೈಲಿನ ದಿಕ್ಸೂಚಿ ಹಿಡಿದು ಹೋದರೆ ನೈಋತ್ಯದಲ್ಲಿ, ಮೂಲೆಯಿಂದ 2 ಅಡಿ ಈಚೆ, ಕಾಂಕ್ರೀಟ್ ಕಂಬ ನಿಂತಿತ್ತು. ಅದೇ ಯಜಮಾನ ಅಂತ ಒಪ್ಪಿಕೊಂಡೆವು. ಆಗ್ನೇಯ ಅಗ್ನಿಯ ಮೂಲೆ ಅಲ್ವಾ, ಯುಪಿಎಸ್ ಅಲ್ಲಿಗೆ ಹೋಯಿತು. ಈಶಾನ್ಯ ಮೂಲೆ ನಮ್ಮ ಕೋಣೆಗೆ ಇರಲೇ ಇಲ್ಲ. ನನಗೆ ಸಿಕ್ಕಿದ್ದು ವಾಯವ್ಯದ ಚೂಪು ತುದಿ. ಹೆಸರಿಗೆ ವಾಯುವಿನ ಮೂಲೆ. ಆದರೆ 48 ಇಂಚಿನ ಸೀಲಿಂಗ್ ಫ್ಯಾನು ಅಲ್ಲಿ ಹಾಕಿದರೆ ರೆಕ್ಕೆ ಗೋಡೆಗೆ ಬಡಿಯುತ್ತದೆ. ಹಾಗಾಗಿ ಗಾಳಿ ಇಲ್ಲ.

ಬಡಗಿ ಬಂದ. ಇದ್ದದ್ದರಲ್ಲಿ ನೇರವಾಗಿ ಕಂಡ ನೈಋತ್ಯ ಮೂಲೆಯಿಂದ ಒಂದು ಗೋಡೆಗೆ 3 ಅಡಿ, ಇನ್ನೊಂದಕ್ಕೆ 4 ಅಡಿ ಗುರುತು ಹಾಕಿ, ನಡುವೆ ಟೇಪು ಎಳೆದ. 5 ಅಡಿ ಬಂದರೆ ಮೂಲೆ ಸರಿಯಾಗಿ 90 ಡಿಗ್ರಿ. ಬಂದದ್ದು 5 ಅಡಿ 4 ಇಂಚು. "ಗೋಡೆ ಕುಡಿದಿದೆ ಸಾರ್" ಅಂದ. ಅಲ್ಲಿ ಫೈಲುಗಳ ರ‍್ಯಾಕು ನಿಲ್ಲಿಸಿದಾಗ ಪಕ್ಕದಲ್ಲೊಂದು ಸಂದು ಉಳಿಯಿತು. ಮೊದಲ ವಾರವೇ ಆಡಿಟರ ಕಕ್ಷಿದಾರರೊಬ್ಬರ ಪ್ಯಾನ್ ಕಾರ್ಡು ಅದರೊಳಗೆ ಇಳಿಯಿತು. ಸ್ಕೇಲಿನ ತುದಿಗೆ ಅಂಟುಪಟ್ಟಿ ಸುತ್ತಿ ಮೀನು ಹಿಡಿಯುವ ಹಾಗೆ ಹಿಡಿದೆವು. ಜೊತೆಗೆ ಯಾರದ್ದೋ ಹಳೇ ಚಲನ್ನೂ ಬಂತು, ಅದರ ಬಗ್ಗೆ ಅವರು ಜಾಸ್ತಿ ಮಾತಾಡಲಿಲ್ಲ.

ಆದರೆ ದೊಡ್ಡ ಕತೆ ಮೇಜಿನದು. ಪ್ಲೈವುಡ್ ಹಾಳೆ ಬರೋದೇ 8 ಅಡಿಗೆ 4 ಅಡಿ. ಕತ್ತರಿಸಿ ಯಾಕೆ ದಂಡ ಮಾಡೋದು ಅಂತ ಬಡಗಿ ಪೂರ್ತಿ 8 ಅಡಿ ಉದ್ದದ ಮೇಜನ್ನು ಮೈಸೂರು ರಸ್ತೆ ಬದಿಯ ತನ್ನ ಅಂಗಡಿಯಲ್ಲೇ ಕಾಲು ಸಮೇತ ಜೋಡಿಸಿ, ಸನ್‌ಮೈಕಾ ಅಂಟಿಸಿ, ಲಗೇಜ್ ಆಟೋದಲ್ಲಿ ತಂದ. ಮೆಟ್ಟಿಲ ತಿರುವಿನಲ್ಲಿ ಅದು ಸಿಕ್ಕಿಕೊಂಡಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಮೇಲಿದ್ದ ಆಡಿಟರು ಮೇಲೆಯೇ, ಕೆಳಗಿದ್ದ ನಾನು ಕೆಳಗೆಯೇ. ಬೇಕರಿಯವರು ಒಂದು ಪಫ್ ತಿನ್ನಿಸಿ, ಓರೆ ಮಾಡಿ, ಎತ್ತಿ, ಬಗ್ಗಿಸಿ ಅಂತ ಸಲಹೆ ಕೊಟ್ಟರು. ಪ್ಲೈವುಡ್ ಬಗ್ಗುತ್ತದಾ? ಅಷ್ಟರಲ್ಲಿ ಏಜೆಂಟರನ್ನು ಹುಡುಕಿಕೊಂಡು ಒಬ್ಬರು ಬಂದರು. ನಮ್ಮ ಏಜೆಂಟರು ತಡವರಿಸಲೇ ಇಲ್ಲ. ಸಿಕ್ಕಿಕೊಂಡ ಮೇಜಿನ ಮೇಲೆಯೇ ಫಾರಂ ಹರಡಿ ಸಹಿ ಹಾಕಿಸಿಕೊಂಡರು. ನಮ್ಮ ಆಫೀಸಿನ ಮೊದಲ ವ್ಯವಹಾರ ಅದೇ. ಸಂಜೆಗೆ ಬಡಗಿ ಅಲ್ಲೇ ಗರಗಸ ಹಾಕಿದ. ಕೆಳಗಿನ ಬೆಣ್ಣೆ ಬಿಸ್ಕತ್ತಿನ ಟ್ರೇ ಮೇಲೆ ಮರದ ಪುಡಿ ಉದುರಿತು, ಒಂದು ಟ್ರೇ ಪೂರ್ತಿ ನಾವೇ ಕೊಂಡೆವು.

ಬಾಗಿಲು ಒಳಗೆ ತೆರೆದರೆ ಆಡಿಟರ ಕುರ್ಚಿಗೆ ತಾಗುತ್ತದೆ. ಹೊರಗೆ ತೆರೆದರೆ ಮೆಟ್ಟಿಲು ಹತ್ತುವವರ ಹಣೆಗೆ. ಜಾರುವ ಬಾಗಿಲು ಹಾಕೋಣ ಅಂದರೆ ಅದು ಜಾರಿ ನಿಲ್ಲಲು ಪಕ್ಕದಲ್ಲಿ ಅಷ್ಟೇ ಅಗಲದ ಖಾಲಿ ಗೋಡೆ ಬೇಕು, ಅಲ್ಲಿ ಸ್ವಿಚ್‌ಬೋರ್ಡ್ ಇದೆ. ಒಳಕ್ಕೇ ಇರಲಿ ಅಂತ ಬಿಟ್ಟೆವು.

ಎಲ್ಲ ಮುಗಿದ ಮೇಲೆ ಬಂದವರು ಕೂರೋದು ಎಲ್ಲಿ ಅನ್ನೋ ಪ್ರಶ್ನೆ ಎದ್ದಿತು. ಕಂಬಕ್ಕೆ ಮೊಳೆ ಹೊಡೆದು ಒಂದು ಮಡಚುವ ಸ್ಟೂಲು ನೇತುಹಾಕಿದೆವು. ಅದನ್ನು ಬಿಡಿಸಿ ಇಡಲು ಇರುವ ಜಾಗ ಬಾಗಿಲ ಹಿಂದೆ ಮಾತ್ರ. ಅಂದರೆ ಒಬ್ಬರು ಕೂತರೆ ಬಾಗಿಲು ತೆರೆಯುವುದಿಲ್ಲ. ಜುಲೈ ತಿಂಗಳ ರಿಟರ್ನ್ಸ್ ಗಲಾಟೆಯಲ್ಲಿ ಆಡಿಟರು ಇದಕ್ಕೆ ತಲೆ ಚಚ್ಚಿಕೊಳ್ಳುತ್ತಾರೆ. ಏಜೆಂಟರು ಮಾತ್ರ ಇಷ್ಟು ಒಳ್ಳೆ ಆಫೀಸು ಎಲ್ಲೂ ಇಲ್ಲ ಅನ್ನುತ್ತಾರೆ. ಪಾಲಿಸಿ ವಿವರಿಸುವಾಗ ಯಾರೂ ಎದ್ದು ಹೋಗೋಕೆ ಆಗಲ್ಲವಲ್ಲ.