ಎಲ್ಡರ್‌ಬೆರಿ ವೈನ್ ಯಾರ ಬದಲಿಯೂ ಅಲ್ಲ

ಇಂಗ್ಲೆಂಡಿನ ಹಳ್ಳಿಗಳಲ್ಲಿ ಎಲ್ಡರ್‌ಬೆರಿ ಎಂಬ ಪುಟ್ಟ ಕಪ್ಪು ಹಣ್ಣಿನಿಂದ ಮನೆಯಲ್ಲೇ ಮಾಡಿದ ವೈನನ್ನು ಮುಂದಿಡುವಾಗ ಕೆಲವರು ಸಂಕೋಚಪಡುತ್ತಾರೆ. ಇದು ಬಡವರ ಪೋರ್ಟ್ (ಪೋರ್ಚುಗಲ್‌ನ ಸಿಹಿಯಾದ, ಗಟ್ಟಿ ದ್ರಾಕ್ಷಿ ವೈನ್) ಅಷ್ಟೇ, ದೊಡ್ಡದೇನೂ ನಿರೀಕ್ಷಿಸಬೇಡಿ ಅನ್ನುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಒಳ್ಳೆಯ ಎಲ್ಡರ್‌ಬೆರಿ ವೈನಿಗೆ ತನ್ನದೇ ಘನತೆಯಿದೆ, ಅದನ್ನು ಅದರ ಹೆಸರಿನಲ್ಲೇ ಕುಡಿಯಬೇಕು.

ಈ ಹಣ್ಣು ಪೋರ್ಟ್ ವೈನಿನ ವೇಷ ಹಾಕಿದ್ದೂ ಉಂಟು. 18ನೇ ಶತಮಾನದಲ್ಲಿ ಪೋರ್ಚುಗಲ್‌ನ ಡೌರೊ ಕಣಿವೆಯಿಂದ ಇಂಗ್ಲೆಂಡಿಗೆ ಹೋಗುತ್ತಿದ್ದ ಪೋರ್ಟ್‌ಗೆ ಕೆಲವರು ಎಲ್ಡರ್‌ಬೆರಿ ರಸ ಬೆರೆಸಿ ಬಣ್ಣ ಕಟ್ಟುತ್ತಿದ್ದರು. ಪೋರ್ಟ್‌ನ ಹೆಸರು ಕೆಟ್ಟಿತು. ಮುಂದೆ ಮಾರ್ಕ್ವಿಸ್ ಆಫ್ ಪೊಂಬಾಲ್ ಎನಿಸಿಕೊಂಡ ಪೋರ್ಚುಗಲ್‌ನ ಮಂತ್ರಿ 1756ರಲ್ಲಿ ವ್ಯಾಪಾರವನ್ನು ಹಿಡಿತಕ್ಕೆ ತರಲು ಒಂದು ಕಂಪನಿ ಕಟ್ಟಿಸಿದ. ಡೌರೊ ಸೀಮೆಯ ಎಲ್ಡರ್ ಗಿಡಗಳನ್ನು ಕಿತ್ತುಹಾಕಲು ಆಜ್ಞೆಯೂ ಆಯಿತು. ಮೋಸ ಮಾಡಿದ್ದು ವ್ಯಾಪಾರಿಗಳು, ಬೇರುಸಹಿತ ಹೋಗಿದ್ದು ಗಿಡ! ಆ ಕಳಂಕ ಇನ್ನೂ ಹಣ್ಣಿನ ಮೇಲೇ ಉಳಿದಿದೆ ಅನ್ನಿಸುತ್ತದೆ ನನಗೆ.

ಗಿಡ ಬೇಲಿಸಾಲುಗಳಲ್ಲಿ ತಾನಾಗಿಯೇ ಬೆಳೆಯುತ್ತದೆ. ಜೂನ್‌ನಲ್ಲಿ ಕೆನೆಬಣ್ಣದ ಹೂ, ಆಗಸ್ಟ್ ಕೊನೆಯಿಂದ ಕಾಳುಮೆಣಸಿನ ಗಾತ್ರದ ಕಪ್ಪು ಹಣ್ಣು, ಗೊಂಚಲು ಕೆಳಗೆ ಬಾಗಿರುತ್ತದೆ. ನೆಟ್ಟಗೆ ನಿಂತ ಗೊಂಚಲು ಕಂಡರೆ ಮುಟ್ಟಬೇಡಿ, ಅದು ಡ್ವಾರ್ಫ್ ಎಲ್ಡರ್ ಇರಬಹುದು, ವಿಷಕಾರಿ. ಸರಿಯಾದ ಗಿಡದಲ್ಲೂ ಎಲೆ, ಕಾಂಡ, ಹಸಿ ಹಣ್ಣು, ಬೀಜಗಳಲ್ಲಿ ಸೈನೈಡ್ ಬಿಡುಗಡೆ ಮಾಡುವ ಅಂಶವಿದೆ. 1983ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಲೆ, ಕೊಂಬೆಗಳ ಸಮೇತ ಹಿಂಡಿದ ಹಸಿ ರಸ ಕುಡಿದು ಎಂಟು ಜನ ಆಸ್ಪತ್ರೆ ಸೇರಿದ್ದರು. ಆದ್ದರಿಂದ ಫೋರ್ಕ್‌ನಿಂದ ಹಣ್ಣು ಬಿಡಿಸಿ, ಕಡ್ಡಿ ತೆಗೆದು, ಚೆನ್ನಾಗಿ ಕುದಿಸಿಯೇ ವೈನಿಗೆ ಹಾಕಬೇಕು. ಇದರಲ್ಲಿ ರಾಜಿಯೇ ಇಲ್ಲ.

ಮಾಡುವುದು ಕಷ್ಟವಲ್ಲ. ನಾಲ್ಕೂವರೆ ಲೀಟರ್ ನೀರಿಗೆ ಒಂದೂವರೆ ಕೆಜಿ ಹಣ್ಣು, ಹೆಚ್ಚುಕಡಿಮೆ ಅಷ್ಟೇ ಸಕ್ಕರೆ, ನಿಂಬೆರಸ, ವೈನ್ ಈಸ್ಟ್. ಕಷ್ಟ ಇರುವುದು ಕಾಯುವುದರಲ್ಲಿ. ಈ ಹಣ್ಣಿನ ಒಗರು ಭಯಂಕರ. ಮೂರು ತಿಂಗಳಿಗೇ ಬಾಟಲಿ ತೆರೆದವರು ನಾಲಿಗೆ ಒಣಗಿಸಿಕೊಂಡು ಇದೇನು ವೈನ್ ಅಂತ ಬೈಯುತ್ತಾರೆ. ಕನಿಷ್ಠ ಒಂದು ವರ್ಷ ಕತ್ತಲೆಯಲ್ಲಿಡಿ, ಎರಡಾದರೆ ಇನ್ನೂ ಒಳ್ಳೆಯದು. ಬೆಳಕು ಬಿದ್ದರೆ ಆ ಗಾಢ ಬಣ್ಣ ಮಾಸುತ್ತದೆ, ಗಾಜಿನ ಜಾಡಿಗೆ ಕಂದು ಕಾಗದ ಸುತ್ತಿ. ಕಾದ ಮೇಲೆ ಒಗರು ಮೆತ್ತಗಾಗಿ, ಒಳಗಿನ ಹಣ್ಣಿನ ರುಚಿ ಮೇಲೆ ಬರುತ್ತದೆ.

ಕುಡಿಯುವಾಗ ದಯವಿಟ್ಟು ಫ್ರಿಜ್‌ನಲ್ಲಿಡಬೇಡಿ. ತಣ್ಣಗಾದಷ್ಟೂ ಒಗರು ಮತ್ತೆ ತಲೆಯೆತ್ತುತ್ತದೆ. ಬಾಟಲಿಯ ತಳದ ಗಸಿ ಕದಡದಂತೆ ಬಗ್ಗಿಸಿ, ಅರ್ಧ ಗಂಟೆ ಗಾಳಿಗೆ ಬಿಡಿ. ಹಳೆಯ ಚೆಡ್ಡಾರ್ ಚೀಸ್, ಹುರಿದ ಕುರಿಮಾಂಸ ಜೊತೆಗಿದ್ದರೆ ಚೆನ್ನ. ಆದರೆ ನನ್ನ ಪಾಲಿಗೆ ಇದರ ನಿಜವಾದ ಕಾಲ ಚಳಿಗಾಲ. ಲವಂಗ, ಶುಂಠಿ, ಸ್ವಲ್ಪ ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ. ಕುದಿಯಲು ಬಿಡಬಾರದು, ಆಲ್ಕೋಹಾಲ್ 78 ಡಿಗ್ರಿಗೇ ಆವಿಯಾಗುತ್ತದೆ. 19ನೇ ಶತಮಾನದ ಲಂಡನ್ನಿನ ಬೀದಿಗಳಲ್ಲಿ ಇದನ್ನು ಹೀಗೇ ಬಿಸಿಬಿಸಿ ಮಾರುತ್ತಿದ್ದರು, ಜೊತೆಗೆ ಅದ್ದಿಕೊಳ್ಳಲು ಸುಟ್ಟ ಬ್ರೆಡ್ಡಿನ ತುಣುಕು. ಇವತ್ತೂ ಆ ಜೋಡಿಗೆ ಸಾಟಿಯಿಲ್ಲ.

ರೋಗನಿರೋಧಕ ಶಕ್ತಿ ಅಂತ ದಿನಾ ಒಂದು ಲೋಟ ಇಳಿಸುವವರಿಗೆ ಮಾತ್ರ ನನ್ನ ವಿರೋಧ. ವೈನು ವೈನೇ, ಔಷಧಿಯಲ್ಲ. ರುಚಿಗಾಗಿ, ಸ್ನೇಹಕ್ಕಾಗಿ ಕುಡಿಯಿರಿ, ಕಡಿಮೆ ಕುಡಿಯಿರಿ.

ಕೊಡಗಿನ ಮನೆಗಳಲ್ಲಿ ಶುಂಠಿ, ವೀಳ್ಯದೆಲೆ, ಹಣ್ಣುಗಳ ವೈನ್ ಕೊಡುವವರು ಅದು ದ್ರಾಕ್ಷಿಯದಲ್ಲ ಅಂತ ಕ್ಷಮೆ ಕೇಳುವುದನ್ನು ನಾನು ಕಂಡಿಲ್ಲ. ಹೆಮ್ಮೆಯಿಂದಲೇ ಕೊಡುತ್ತಾರೆ. ಇಂಗ್ಲೆಂಡಿನವರಿಗೂ ಆ ಹೆಮ್ಮೆ ಬರಲಿ. ಬ್ರಿಟನ್ನಿನಲ್ಲಿರುವ ಕನ್ನಡದ ಗೆಳೆಯರೇ, ಎರಡು ವರ್ಷ ಹಳೆಯ ಎಲ್ಡರ್‌ಬೆರಿ ವೈನ್ ಸಿಕ್ಕರೆ ಕಾಚಂಪುಳಿ ಹಾಕಿದ ಪಂದಿ ಕರಿಯ ಜೊತೆ ಒಮ್ಮೆ ಕುಡಿದು ನೋಡಿ. ಆ ಕಪ್ಪು ಹುಳಿಯ ಎದುರು ನಿಲ್ಲುವ ಗಟ್ಟಿತನ ಇದಕ್ಕಿದೆ.