ಇಂಜೆಕ್ಷನ್‌ನಲ್ಲಿ ಔಷಧಿ ಮಾತ್ರ ಇರುವುದಿಲ್ಲ

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಮಗುವಿಗೆ ಗಂಭೀರ ಕಾಯಿಲೆ ಬಂದರೆ ಅರ್ಧ ಚಿಕಿತ್ಸೆ ದಾರಿಯಲ್ಲೇ ಆಗುತ್ತದೆ. ಕಾರವಾರದವರು ಗೋವಾಕ್ಕೆ ಓಡುತ್ತಾರೆ, ಶಿರಸಿಯವರು ಹುಬ್ಬಳ್ಳಿಗೆ, ಭಟ್ಕಳದವರು ಮಣಿಪಾಲಕ್ಕೆ. ಫಿಟ್ಸ್ ನಿಲ್ಲದ ಮಗುವಿಗೆ ಊರಲ್ಲಿ ಒಂದು ಇಂಜೆಕ್ಷನ್, ಆಂಬ್ಯುಲೆನ್ಸ್‌ನಲ್ಲಿ ಇನ್ನೊಂದು, ಐಸಿಯುನಲ್ಲಿ ಮತ್ತೊಂದು. ಔಷಧಿಯ ಲೆಕ್ಕವನ್ನಾದರೂ ಬರೆದಿಡುತ್ತಾರೆ. ಅದನ್ನು ಕರಗಿಸಿದ ದ್ರವದ ಲೆಕ್ಕ ಯಾರ ಹತ್ತಿರ ಇದೆ?

ಮೆಡಿಕಲ್ ಶಾಪ್ ನಡೆಸುವ ನನಗೆ ಈ ಪ್ರಶ್ನೆ ಬಿಡುತ್ತಿಲ್ಲ.

ಫಿಟ್ಸ್ ನಿಲ್ಲಿಸಲು ಕೊಡುವ ಲೊರಾಜೆಪಾಮ್, ಫೆನಿಟೋಯಿನ್ ಔಷಧಿಗಳು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಅದಕ್ಕೆ ಪ್ರೊಪಿಲೀನ್ ಗ್ಲೈಕಾಲ್ ಅನ್ನುವ ದ್ರವ ಬಳಸುತ್ತಾರೆ. ದೊಡ್ಡವರ ಲಿವರ್, ಕಿಡ್ನಿ ಅದನ್ನು ಬೇಗ ಹೊರಹಾಕುತ್ತವೆ. ಎಳೆ ಕೂಸಿಗೆ ಆ ಶಕ್ತಿ ಇನ್ನೂ ಬಂದಿರುವುದಿಲ್ಲ. ಮೈಯಲ್ಲಿ ಸೇರುತ್ತಾ ಹೋದರೆ ರಕ್ತದಲ್ಲಿ ಆಮ್ಲ ಏರುತ್ತದೆ, ಕಿಡ್ನಿಗೆ ಪೆಟ್ಟು ಬೀಳುತ್ತದೆ. ರಕ್ತಕ್ಕೆ ಸೋಂಕು ಏರಿದ ಮಗುವಿನಲ್ಲೂ ಇದೇ ಲಕ್ಷಣ ಕಾಣುತ್ತದೆ. ಹಾಗಾಗಿ ಕಾಯಿಲೆಯೇ ಜಾಸ್ತಿಯಾಯಿತು ಅಂದುಕೊಂಡು ಅದೇ ಇಂಜೆಕ್ಷನ್ ಮುಂದುವರಿಯಬಹುದು. ನನಗೆ ಹೆದರಿಕೆ ಇರುವುದು ಇದಕ್ಕೇ.

ಲೆಕ್ಕ ಹಾಕಿ ನೋಡಿ. ಲೊರಾಜೆಪಾಮ್ ಇಂಜೆಕ್ಷನ್‌ನ 1 ಎಂಎಲ್‌ನಲ್ಲಿ ಸಾಮಾನ್ಯವಾಗಿ ಸುಮಾರು 830 ಮಿಗ್ರಾಂ ಪ್ರೊಪಿಲೀನ್ ಗ್ಲೈಕಾಲ್ ಇರುತ್ತದೆ. 10 ಕೆಜಿ ಮಗುವಿಗೆ ಅರ್ಧ ಎಂಎಲ್ ಕೊಟ್ಟರೆ ಕೆಜಿಗೆ 41 ಮಿಗ್ರಾಂ ಆಯಿತು. ಹುಟ್ಟಿ ಒಂದು ತಿಂಗಳು ತುಂಬಿದ ಮೇಲೆ 4 ವರ್ಷದವರೆಗೆ ಈ ದ್ರವಕ್ಕೆ ಯುರೋಪಿನ ಔಷಧಿ ಸಂಸ್ಥೆ ಹಾಕಿದ ಗಡಿ ದಿನಕ್ಕೆ ಕೆಜಿಗೆ 50 ಮಿಗ್ರಾಂ. ಎರಡನೇ ಡೋಸ್‌ಗೇ ದಾಟಿತಲ್ವಾ? ತಿಂಗಳೊಳಗಿನ ಕೂಸಿಗಂತೂ ಕೆಜಿಗೆ ಬರೀ 1 ಮಿಗ್ರಾಂ. ಗಡಿ ದಾಟಿದ ಕೂಡಲೇ ವಿಷ ಅಂತಲ್ಲ, ಆದರೆ ಅಲ್ಲಿಂದ ಮುಂದೆ ರಕ್ತಪರೀಕ್ಷೆಯ ಮೇಲೆ ಕಣ್ಣಿಡಬೇಕು.

ಔಷಧಿಯಲ್ಲ, ಅದರ ಜೊತೆ ಸೇರಿಸಿದ್ದೇ ಜೀವ ತೆಗೆದದ್ದೂ ಇದೆ. 1982ರಲ್ಲಿ ಅಮೆರಿಕದಲ್ಲಿ ಅವಧಿಗೆ ಮೊದಲೇ ಹುಟ್ಟಿದ ಕೂಸುಗಳು ಏದುಸಿರು ಬಿಟ್ಟು ತೀರಿಕೊಂಡ ವಿಷಯ ಹೊರಬಂತು. ಕಾರಣ, ರಕ್ತನಾಳದ ನಳಿಕೆ ತೊಳೆಯುವ ಸಲೈನ್ ಕೆಡದಿರಲಿ ಅಂತ ಸೇರಿಸಿದ್ದ ಬೆಂಜೈಲ್ ಆಲ್ಕೋಹಾಲ್.

ಇದನ್ನು ಓದಿ ಯಾರೂ ಮಗುವಿಗೆ ಇಂಜೆಕ್ಷನ್ ಬೇಡ ಅನ್ನಬೇಡಿ. ನಿಲ್ಲದ ಫಿಟ್ಸ್ ಮೆದುಳಿಗೇ ಹಾನಿ ಮಾಡುತ್ತದೆ, ಜೀವವನ್ನೂ ತೆಗೆಯುತ್ತದೆ. ವೈದ್ಯರು ಹೇಳಿದ ಔಷಧಿ ಆಗಲೇಬೇಕು.

ನಾನು ಕೇಳುವುದು ಬೇರೆ. ಕರಗಿಸಲು ಏನನ್ನು ಬಳಸಿದ್ದಾರೆ, ಪ್ರತಿ ಎಂಎಲ್‌ನಲ್ಲಿ ಎಷ್ಟಿದೆ ಅಂತ ಪ್ರತಿ ಕಂಪನಿಯೂ ಬಾಟಲಿಯ ಮೇಲೆ ದೊಡ್ಡ ಅಕ್ಷರದಲ್ಲಿ ಹಾಕಲಿ. ರೆಫರ್ ಚೀಟಿಯಲ್ಲಿ "ಫಿಟ್ಸ್ ಇಂಜೆಕ್ಷನ್ ಕೊಡಲಾಗಿದೆ" ಅಂತ ಬರೆದರೆ ಸಾಲದು. ಯಾವ ಕಂಪನಿಯದ್ದು, ಎಷ್ಟು ಎಂಎಲ್, ಎಷ್ಟು ಗಂಟೆಗೆ ಅನ್ನುವುದೂ ಬೇಕು. ಆಂಬ್ಯುಲೆನ್ಸ್‌ನಲ್ಲಿ ಕೊಟ್ಟದ್ದೂ ಅದೇ ಚೀಟಿಗೆ ಸೇರಬೇಕು. ಅಪ್ಪ ಅಮ್ಮ ಹೊರಡುವ ಮೊದಲು ಆ ಚೀಟಿಯ ಫೋಟೋ ತೆಗೆದುಕೊಳ್ಳಿ, ಐಸಿಯು ಡಾಕ್ಟರಿಗೆ ತೋರಿಸಿ.